ರೋಹಿಣಿಯ ಪಕ್ಕದ ಕಲ್ಲು

"ಇದ್ರಲ್ಲಿ ಒಂದು ನಕ್ಷತ್ರ ಅಲ್ಲ. ಯಾವ್ದು, ಹೇಳಿ ನೋಡೋಣ?"

ಹೆಣ್ಣು ನೋಡಲು ಬಂದವನು ಕೇಳುವ ಪ್ರಶ್ನೆಯೇ ಇದು! ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದರೆ ಏನು ಹೇಳಬೇಕೆಂದು ಕಲಿತಿಟ್ಟುಕೊಂಡಿದ್ದ ಜಿನಮತಿ ತಬ್ಬಿಬ್ಬಾದಳು.

ಸಾಗರದಲ್ಲಿ ಅವಳ ಸೋದರಮಾವನ ಮನೆ. ಸೂರ್ಯ ಮುಳುಗುವ ಮೊದಲೇ ನೆಂಟರ ಊಟ ಮುಗಿದು, ಕತ್ತಲಾದ ಮೇಲೆ ಎಲ್ಲರೂ ಅಂಗಳದಲ್ಲಿ ಕುಳಿತಿದ್ದರು. ತೀರ್ಥಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅನಂತರಾಜ, ದುರ್ಬೀನನ್ನು ಅವಳ ಕೈಗೆ ಕೊಟ್ಟು ರೋಹಿಣಿ ನಕ್ಷತ್ರದ ಪಕ್ಕದ ಪುಟ್ಟ ಚುಕ್ಕಿಗಳನ್ನು ತೋರಿಸಿದ್ದ.

ಅವಳಿಗೆ ಎಲ್ಲವೂ ಒಂದೇ ಥರ ಕಂಡವು. ಕೊನೆಗೆ ಅವನೇ ವಿವರಿಸಿದ. ನಕ್ಷತ್ರವೆಂದರೆ ತಾನೇ ಉರಿಯುವ ಸೂರ್ಯ, ಬಹಳ ಬಹಳ ದೂರದ್ದು. ಧೂಮಕೇತುವಾದರೆ ಸೂರ್ಯನ ಹತ್ತಿರ ಬಂದಾಗ ಬಾಲ ಬಿಡುತ್ತದೆ. ಇಲ್ಲಿರುವುದು ಕ್ಷುದ್ರಗ್ರಹ. ಗ್ರಹದ ಹಾಗೆಯೇ ಸೂರ್ಯನನ್ನು ಸುತ್ತುವ, ಗ್ರಹದಷ್ಟು ದೊಡ್ಡದಾಗದೆ ಉಳಿದ ಒಂದು ಕಲ್ಲುಬಂಡೆ. ಸ್ವಂತ ಬೆಳಕಿಲ್ಲ, ಸೂರ್ಯನ ಬೆಳಕು ಬಿದ್ದು ಕಾಣುತ್ತದೆ, ಅಷ್ಟೆ. ಅದು ಯಾವ ಚುಕ್ಕಿ ಎಂದು ಮಾತ್ರ ಹೇಳಲಿಲ್ಲ.

ಆಮೇಲೆ ಮಾವ ಅಭಿಪ್ರಾಯ ಕೇಳಿದರೆ ಈ ಮಹಾರಾಯ ಏನನ್ನಬೇಕು?

"ಒಂದೇ ಸಲ ನೋಡಿದ್ರೆ ಗೊತ್ತಾಗಲ್ಲ. ಸ್ವಲ್ಪ ದಿನ ಬಿಟ್ಟು ಇನ್ನೊಂದ್ಸಲ ಬರ್ತೀನಿ."

ಅಲ್ಲಿಯವರೆಗೆ ನೋಡುತ್ತಿರಿ ಎಂದು ದುರ್ಬೀನನ್ನು ಅವಳ ಹತ್ತಿರವೇ ಬಿಟ್ಟು ಹೊರಟೇಹೋದ.

ಮಾವನಿಗೆ ಮೈಯೆಲ್ಲ ಉರಿಯಿತು. ಎರಡೆರಡು ಸಲ ಮಾಲು ನೋಡಿ ಹೋಗಲು ಇದೇನು ಅಡಿಕೆ ಮಂಡಿಯೇ ಎಂದು ಕೂಗಾಡಿದ. ಇನ್ನು ಅವನಿಗೆ ಬಾಗಿಲು ತೆಗೆಯಕೂಡದು ಎಂದ.

ಜಿನಮತಿಯ ಎದೆಗೆ ನಾಟಿದ್ದು ಬೇರೆ ಮಾತು. ಸ್ವಂತ ಬೆಳಕಿಲ್ಲ... ಹುಟ್ಟಿದ ಊರು ಶರಾವತಿಯ ಹಿನ್ನೀರಿನ ಪಾಲಾಗಿದೆ, ಹೆತ್ತವರಿಲ್ಲ, ತಿನ್ನುವುದು ಮಾವನ ಮನೆಯ ಅನ್ನ. ನನ್ನನ್ನೇ ನೋಡಿ ಹೇಳಿದನಲ್ಲವೇ? ಅಯ್ಯೋ, ಅಷ್ಟು ಜನರಿದ್ದ ಆ ಮನೆಯಲ್ಲಿ ಅಳಬೇಡ ಎನ್ನಲು ಒಬ್ಬರೂ ಇರಲಿಲ್ಲ!

ಆದರೂ ಕತ್ತಲಾಯಿತೆಂದರೆ ಅವಳ ಕೈ ದುರ್ಬೀನಿನತ್ತ ಹೋಗುತ್ತಿತ್ತು. ಮಾತಾಡಲು ಯಾರೂ ಇಲ್ಲದವಳಿಗೆ ಬೇರೆ ಕೆಲಸವಾದರೂ ಏನು?

ಒಂದು ಸಂಜೆ ನೋಡುತ್ತಿದ್ದವಳು ಬೆಚ್ಚಿದಳು. ಉಳಿದ ಚುಕ್ಕಿಗಳು ಇದ್ದಲ್ಲೇ ಇದ್ದವು. ಒಂದು ಮಾತ್ರ ಪಕ್ಕಕ್ಕೆ ಸರಿದಿತ್ತು! ಕಲ್ಲು ಅದೇ. ಮೊದಲ ದಿನದ ಒಂದು ನೋಟಕ್ಕೆ ಅದರ ಗುರುತು ಸಿಗಲು ಸಾಧ್ಯವೇ ಇರಲಿಲ್ಲ. ಹಾಗಾದರೆ ಒಂದೇ ಸಲ ನೋಡಿದರೆ ಗೊತ್ತಾಗಲ್ಲ ಎಂದು ಅವನಾಡಿದ ಆ ಮಾತು...?

ಅನಂತರಾಜ ಹೇಳಿದ ಹಾಗೆಯೇ ಬಂದ. ಜಗಲಿಯಲ್ಲಿದ್ದ ಮಾವ ಮುಖ ತಿರುಗಿಸಿ ಕುಳಿತ. ಜಿನಮತಿ ತಾನೇ ಎದ್ದು ಗೇಟಿನವರೆಗೆ ಹೋದಳು.

"ಕಲ್ಲು ಯಾವ್ದು ಅಂತ ಗೊತ್ತಾಯ್ತು. ನಾನು ಎಂಥವಳು ಅಂತ ನಿಮಗಿನ್ನೂ ಗೊತ್ತಾಗ್ಲಿಲ್ವಾ?"

"ಅವತ್ತೇ ಗೊತ್ತಾಗಿತ್ತು."

"ಮತ್ತೆ ಇನ್ನೊಂದ್ಸಲ ಬರ್ತೀನಿ ಅಂದಿದ್ದು?"

"ನಾನು ಒಪ್ಪಿದೀನಿ ಅಂದಿದ್ರೆ ಅಲ್ಲಿಗೆ ಮುಗೀತಿತ್ತು. ನಿಮ್ಮನ್ನ ಯಾರೂ ಕೇಳ್ತಾನೇ ಇರ್ಲಿಲ್ಲ. ನೀವೂ ನನ್ನ ಇನ್ನೊಂದ್ಸಲ ನೋಡಿ ಹೇಳ್ಬೇಕು ಅಂತ..."

ಜಿನಮತಿಯ ಕಣ್ಣು ತುಂಬಿ ಬಂತು. ಊರು ಬಿಡಿಸುವಾಗ, ಈ ಮನೆಗೆ ತಂದು ಬಿಡುವಾಗ, ನಿನ್ನ ಮನಸ್ಸಿನಲ್ಲೇನಿದೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ದುರ್ಬೀನನ್ನು ಅವನ ಕೈಗಿಟ್ಟಳು. "ಇನ್ಮೇಲೆ ನನ್ನ ನೋಡಕ್ಕೆ ಅಂತ ಬರ್ಬೇಡಿ."

ಪಾಪ, ಅವನ ಮುಖ ಬಾಡಿಹೋಯಿತು. "ಮತ್ತೆ?"

ಜಗಲಿಯಲ್ಲಿದ್ದ ಮಾವನಿಗೂ ಕೇಳುವಷ್ಟು ಗಟ್ಟಿಯಾಗಿ ಅವಳೆಂದಳು:

"ಕರ್ಕೊಂಡು ಹೋಗಕ್ಕೆ ಬನ್ನಿ."