ಸಂಜೆಯ ಒಂಬತ್ತು

ಕೊಟ್ರಮ್ಮ ಕಬ್ಬಿಣದ ಸರಳನ್ನು ಎಂಟನೆಯ ಸಲ ನೆಲದಿಂದ ಎತ್ತಿ ಇಳಿಸಿ, "ಆತು ಮೇಡಂ, ಇನ್ನಾಗಲ್ಲ" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳ ಮಣಿಕಟ್ಟಿನ ಪಟ್ಟಿಯಲ್ಲಿ ಹಸಿರು ಅಂಕಿಯೊಂದು ಮೂಡಿತು: ನಲವತ್ತಮೂರು.

"ಸುಳ್ಳು ಹೇಳ್ತಿದ್ದೀರಿ ಕೊಟ್ರಮ್ಮ. ನೂರರಲ್ಲಿ ನಲವತ್ತಮೂರು ಪಾಲು ಬಲ ಇನ್ನೂ ಉಳಿದಿದೆ" ಎಂದಳು ಡಾ. ಪಾರಿಜಾತ ಹಾವನೂರ.

"ಎಲ್ಲಿ ಐತ್ರಿ? ನನ್ನ ಕೈಗಂತೂ ಸಿಗ್ತಿಲ್ಲ."

"ಹುಡುಕಿ."

ಕೊಟ್ರಮ್ಮ ಹುಡುಕಿದಳು. ಹಲ್ಲು ಕಚ್ಚಿ ಇನ್ನೂ ಐದು ಸಲ ಎತ್ತಿದಳು. ಗರಡಿಯ ಹೆಂಗಸರೆಲ್ಲ ಕೂಗಿ ಕುಣಿದರು. ಪಾರಿಜಾತ ಆ ಸರಳನ್ನು ತಾನೇ ಎತ್ತಿದಷ್ಟು ಬೀಗಿದಳು.

ಅದು ೨೦೫೮ರ ದಾವಣಗೆರೆ. ಜಟ್ಟಿಗಳಿಲ್ಲದೆ ಬೀಗ ಹಾಕಿದ್ದ ಹಳೆಯ ಗರಡಿಮನೆಯೊಂದನ್ನು ನಗರಾಡಳಿತ ಹೆಂಗಸರಿಗೆ ಬಿಟ್ಟುಕೊಟ್ಟಿತ್ತು. ನಲವತ್ತೈದು ದಾಟಿದ ಮೇಲೆ ಹೆಣ್ಣಿನ ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ. ಭಾರ ಎತ್ತಿದರೆ ಎರಡೂ ಉಳಿಯುತ್ತವೆ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಯಾರು ಎಷ್ಟು ಎತ್ತಬೇಕು ಎನ್ನುವುದೇ ತೊಡಕು. ಅದಕ್ಕೆ ಪಾರಿಜಾತ ಕಂಡುಹಿಡಿದದ್ದು ಉಳಿಬಲಪಟ್ಟಿ.

ನಾವು "ಆಗಲ್ಲ" ಎನ್ನುವುದು ಸ್ನಾಯು ಸೋತಾಗ ಅಲ್ಲ, ಅದಕ್ಕೆ ಎಷ್ಟೋ ಮೊದಲು. ಮಿದುಳು ಬಲು ಜಿಪುಣ. ಸ್ನಾಯುವಿನ ಎಳೆಗಳಲ್ಲಿ ಅರ್ಧದಷ್ಟನ್ನು ಕೆಲಸಕ್ಕೆ ಕಳಿಸದೆ ಹಿಡಿದಿಟ್ಟುಕೊಳ್ಳುತ್ತದೆ. ದುಡಿಯುತ್ತಿರುವ ಎಳೆಗಳಲ್ಲಿ ಸಣ್ಣ ವಿದ್ಯುತ್ತು ಹರಿಯುತ್ತದೆ, ಸುಮ್ಮನಿರುವ ಎಳೆಗಳಲ್ಲಿ ಹರಿಯುವುದಿಲ್ಲ. ಪಟ್ಟಿ ಇದನ್ನು ಚರ್ಮದ ಮೇಲಿಂದಲೇ ಓದಿ, ಇನ್ನೂ ಎಷ್ಟು ಪಾಲು ಬಲ ಉಳಿದಿದೆಯೆಂದು ತೋರಿಸುತ್ತಿತ್ತು.

ಪಟ್ಟಿಯನ್ನು ಮೊದಲು ಕಟ್ಟಿಕೊಂಡವಳು ಪಾರಿಜಾತಳೇ. ಸ್ನಾಯುಗಳ ಬಗ್ಗೆ ಮೂವತ್ತೊಂದು ಪ್ರಬಂಧ ಬರೆದ ಆ ತೋಳುಗಳು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮುಂದೆ ಸದಾ ಸೋಲುತ್ತಿದ್ದವು. ಬರಿಯ ಸರಳನ್ನು ನಾಲ್ಕು ಸಲ ಎತ್ತಿ, ಕಣ್ಣಿಗೆ ಕತ್ತಲೆ ಬಂದಂತಾಗಿ, ಕುರ್ಚಿಗೆ ಒರಗಿ ನೋಡಿದರೆ ಪಟ್ಟಿ ಎಪ್ಪತ್ತೆಂಟು ತೋರಿಸುತ್ತಿತ್ತು. ಯಂತ್ರ ಕೆಟ್ಟಿದೆಯೆಂದು ಒಂದು ವಾರ ಬಿಚ್ಚಿ ಜೋಡಿಸಿದಳು. ಯಂತ್ರ ಸರಿಯಾಗಿಯೇ ಇತ್ತು. ಆಮೇಲೆ ಈ ಪ್ರಸಂಗವನ್ನು ಭಾಷಣಗಳಲ್ಲಿ ತಾನೇ ಹೇಳಿ ನಗಿಸುತ್ತಿದ್ದಳು. ಎಪ್ಪತ್ತೆಂಟನ್ನು ಮಾತ್ರ ಅರವತ್ತು ಮಾಡಿ.

ಗರಡಿಗೆ ಬಂದ ಅರವತ್ತು ಹೆಂಗಸರಲ್ಲಿ ಕೊಟ್ರಮ್ಮನೇ ಮುಂದು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವಳು, ವಯಸ್ಸು ನಲವತ್ತಾರು. ಅವಳ ತಾಯಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ನಾಲ್ಕು ವರ್ಷ ಹಾಸಿಗೆ ಹಿಡಿದು ಸತ್ತಿದ್ದಳು. "ನಾನು ಹಂಗೆ ಸಾಯಬಾರ್ದು ಮೇಡಂ" ಎಂದು ಮೊದಲ ದಿನವೇ ಹೇಳಿದ್ದಳು. ಇಪ್ಪತ್ತು ಕಿಲೋದಿಂದ ಶುರು ಮಾಡಿದವಳು ನಾಲ್ಕೇ ತಿಂಗಳಲ್ಲಿ ಐವತ್ತೆರಡು ಕಿಲೋ ಎತ್ತಿದಳು. ಹುರುಪಿಗೆ ಬಿದ್ದ ಪಾರಿಜಾತ, ಮನೆಯಲ್ಲೂ ಪಟ್ಟಿ ಕಟ್ಟಿಕೊಂಡೇ ಇರಬೇಕೆಂದು ಎಲ್ಲರಿಗೂ ಹೇಳಿದಳು. ಹೆಚ್ಚು ಅಂಕಿ ಸಿಕ್ಕಷ್ಟೂ ಹೆಚ್ಚು ಸತ್ಯ ಸಿಗುತ್ತದೆಂಬುದು ಅವಳ ನಂಬಿಕೆ.

ಮರುತಿಂಗಳು ಅರವತ್ತು ಜನ ನಲವತ್ತಾದರು, ಆಮೇಲೆ ಇಪ್ಪತ್ತೆರಡಾದರು. ಬಂದವರೂ ಭಾರ ಏರಿಸಲು ಒಪ್ಪಲಿಲ್ಲ. ಸೆಕೆ ಕಾರಣವಿರಬಹುದೆಂದು ಪಾರಿಜಾತ ಫ್ಯಾನು ಹಾಕಿಸಿದಳು, ಗೋಡೆಗೆ ಬಣ್ಣ ಬಳಿಸಿದಳು, ಮೂವತ್ತಾರು ಪ್ರಶ್ನೆಗಳ ಪಟ್ಟಿಯೊಂದನ್ನು ತಯಾರಿಸಿ ಹಂಚಿದಳು. ಅದನ್ನು ಯಾರೂ ತುಂಬಿ ಕೊಡಲಿಲ್ಲ. ಕೊನೆಗೊಂದು ದಿನ ಕೊಟ್ರಮ್ಮನೂ ಬರಲಿಲ್ಲ. ಆಗ ಪಾರಿಜಾತಳಿಗೆ, ಒಬ್ಬರ ಮನೆಗೆ ಹೋಗಿ ಕೇಳಬಹುದೆಂಬ ಮಹಾ ಸಂಶೋಧನೆ ಹೊಳೆಯಿತು.

ಸಂಜೆ ಐದೂವರೆಯ ಹೊತ್ತು. ಕೊಟ್ರಮ್ಮ ಭಟ್ಟಿಯಿಂದ ಬಂದು, ಅತಿಥಿಗೆ ಚಹಾ ಕೊಟ್ಟು, ಆಗಷ್ಟೇ ಗೋಡೆಗೆ ಒರಗಿ ಕುಳಿತಿದ್ದಳು. ಗಂಡ ಚನ್ನಬಸಪ್ಪ ಒಳಬಂದ. ಸಾಧು ಮನುಷ್ಯ, ಪಾರಿಜಾತಳಿಗೆ ಕೈಮುಗಿದು, ಗಡಿಯಾರ ನೋಡುವಂತೆ ಹೆಂಡತಿಯ ಮಣಿಕಟ್ಟು ನೋಡಿದ.

"ಐವತ್ತೈದು ಐತಲ್ಲ. ಹಂಗಾದ್ರೆ ತೊಟ್ಟಿಗೆ ನೀರು ತುಂಬಿಸಿಬಿಡು."

ಒಳಗಿನಿಂದ ಅತ್ತೆಯ ದನಿ ಬಂತು: "ಐವತ್ತೈದು ಇದ್ರೆ ಜೋಳಾನೂ ಹಸನು ಮಾಡ್ಲಿ."

ಕೊಟ್ರಮ್ಮ ಎದ್ದಳು. ಪಾರಿಜಾತ ಚಹಾದ ಲೋಟ ಹಿಡಿದುಕೊಂಡೇ ಅವಳ ಹಿಂದೆ ಹಿತ್ತಲಿಗೆ ಹೋದಳು.

"ಮೊದಲು ಸುಸ್ತಾಗೈತಿ ಅಂದ್ರೆ ನಂಬ್ತಿದ್ರು ಮೇಡಂ" ಎಂದಳು ಕೊಟ್ರಮ್ಮ, ಬಿಂದಿಗೆ ಬಗ್ಗಿಸುತ್ತ. "ನಿಜಾನೋ ಸುಳ್ಳೋ, ಅರ್ಧ ಗಂಟೆ ಕೂರಾಕೆ ಬಿಡ್ತಿದ್ರು. ಈಗ ನನ್ನ ಮಾತು ಯಾರಿಗೂ ಬೇಕಾಗಿಲ್ಲ, ಪಟ್ಟಿ ನೋಡ್ತಾರೆ. ಗರಡೀಲಿ ಬಲ ಬಂದಷ್ಟೂ ಸಂಜೆಗೆ ಜಾಸ್ತಿ ಉಳೀತೈತಿ. ಉಳಿದಷ್ಟೂ ಕೆಲ್ಸ ಬರ್ತೈತಿ. ಯಾತಕ್ಕೆ ಎತ್ತಬೇಕ್ರಿ ನಾನು?"

"ಪಟ್ಟಿ ಬಿಚ್ಚಿಡಬಹುದಲ್ಲ?"

"ಬಿಚ್ಚಿದ್ರೆ ಏನು ಮುಚ್ಚಿಡ್ತಿದ್ದೀ ಅಂತಾರೆ."

ಪಾರಿಜಾತ ಚಹಾದ ಲೋಟವನ್ನು ತೊಟ್ಟಿಯ ಅಂಚಿನ ಮೇಲಿಟ್ಟಳು. ಹೆಣ್ಣಿನ "ಆಗಲ್ಲ" ಎಂಬುದನ್ನು ಸುಳ್ಳೆಂದು ಸಾಧಿಸಿದ ಹಿರಿಮೆ ತನ್ನದು. ಅದಕ್ಕೆ ಚಿನ್ನದ ಪದಕ ಬೇರೆ ಬಂದಿತ್ತು. ಸ್ನಾಯುವಿನಲ್ಲಿ ಬಲ ಉಳಿದಿರುವುದು ಬೇರೆ, ಅದು ಯಾರದ್ದು ಎನ್ನುವುದು ಬೇರೆ. ಈ ಸಣ್ಣ ಸಂಗತಿ ಮೂವತ್ತೊಂದು ಪ್ರಬಂಧಗಳಲ್ಲಿ ಎಲ್ಲೂ ಇರಲಿಲ್ಲ.

"ಸಂಜೆ ಹೊತ್ತು ಸೊನ್ನೆ ತೋರಿಸೋ ಹಾಗೆ ಮಾಡಿಬಿಡ್ತೀನಿ" ಎಂದಳು ಕೊನೆಗೆ.

ಕೊಟ್ರಮ್ಮ ಬಿಂದಿಗೆ ಕೆಳಗಿಟ್ಟು ಯೋಚಿಸಿದಳು. "ಸೊನ್ನೆ ಬ್ಯಾಡ್ರಿ, ಹೆದರ್ತಾರೆ. ಹತ್ತು ಅಂದ್ರೆ ಹತ್ತು ಐತಲ್ಲ ಅಂತಾರೆ. ಒಂಬತ್ತು ಇರ್ಲಿ."

ಹೀಗೆ, ವಿಜ್ಞಾನಕ್ಕೆ ಒಂದು ಸುಳ್ಳು ಸೇರಿತು. ಸಂಜೆ ಐದರ ಮೇಲೆ ಪಟ್ಟಿಗಳೆಲ್ಲ ಒಂಬತ್ತನ್ನೇ ತೋರಿಸತೊಡಗಿದವು, ನಗರದ ಆರೋಗ್ಯ ಕಚೇರಿಗೂ ಒಂಬತ್ತನ್ನೇ ಕಳಿಸತೊಡಗಿದವು. ನಿಜವಾದ ಅಂಕಿಗಳು ಪಟ್ಟಿಯ ಒಳನೆನಪಿನಲ್ಲಿ ಎಂದಿನಂತೆ ಸೇರುತ್ತಿದ್ದವು. ಅವನ್ನು ಪಾರಿಜಾತ ಅಳಿಸಲೂ ಇಲ್ಲ, ನೋಡಲೂ ಇಲ್ಲ. ನೋಡಿದರೆ ನಾಚಿಕೆ, ಅಳಿಸಿದರೆ ಪಾಪ.

ಹೆಂಗಸರು ಗರಡಿಗೆ ಮರಳಿದರು. ಮೊದಲು ಅರವತ್ತಿದ್ದವರು ಈಗ ತೊಂಬತ್ತಾದರು. ಮನೆಗಳಲ್ಲಿ ಗಂಡಸರು ಗೊಣಗುತ್ತ ನೀರು ತುಂಬಿಸುವುದನ್ನು ಕಲಿತರು.

ಆರು ತಿಂಗಳ ನಂತರ ಆರೋಗ್ಯ ಕಚೇರಿಯ ಅಂಕಿಅಂಶ ಅಧಿಕಾರಿ ಶಮ್‌ಶಾದ್ ಬಾನು ಕಡತ ಹಿಡಿದು ಬಂದಳು. ಗಂಭೀರ ಮುಖದ, ಮೂವತ್ತೈದರ ಆಸುಪಾಸಿನ ಹೆಂಗಸು.

"ತೊಂಬತ್ತು ಹೆಂಗಸರು, ಎಲ್ಲರದ್ದೂ ಸಂಜೆ ಒಂಬತ್ತು. ಒಂದು ದಿನವೂ ಎಂಟಿಲ್ಲ, ಹತ್ತಿಲ್ಲ. ಮೇಲಿನವರು ಇದಕ್ಕೆ 'ಹಾವನೂರ ಸ್ಥಿರಾಂಕ' ಅಂತ ಹೆಸರಿಟ್ಟು ನಿಮಗೆ ಸನ್ಮಾನ ಮಾಡೋ ಯೋಚನೆಯಲ್ಲಿದ್ದಾರೆ. ಆದರೆ ಮೇಡಂ, ಹುಣ್ಣಿಮೆ ಕೂಡ ಇಷ್ಟು ಕರಾರುವಾಕ್ಕಾಗಿ ಬರೋದಿಲ್ಲ."

ಪುಣ್ಯಕ್ಕೆ ಸುಳ್ಳು ಹೇಳುವ ಅಭ್ಯಾಸ ಪಾರಿಜಾತಳಿಗೆ ಒಂದೆರಡು ಅಂಕಿಗಳಷ್ಟೇ ಇತ್ತು. ಎಲ್ಲವನ್ನೂ ಒಪ್ಪಿಕೊಂಡಳು.

"ನಿಜವಾದ ಅಂಕಿ ತೋರಿಸಿ" ಎಂದಳು ಶಮ್‌ಶಾದ್.

ಒಳನೆನಪನ್ನು ತೆರೆದರು. ಐದು ಗಂಟೆಗೆ ಐವತ್ತೈದು, ಅರವತ್ತು, ಐವತ್ತೆಂಟು, ನಿರೀಕ್ಷೆಯಂತೆಯೇ ಇತ್ತು. ಆದರೆ ಏಳರ ಹೊತ್ತಿಗೆ ಎಂಟು, ಹತ್ತು, ಒಂಬತ್ತು, ಏಳು. ಪ್ರತಿ ಸಂಜೆಯೂ ಹಾಗೆಯೇ. ಕೆಲಸ ತಪ್ಪಿಸಿಕೊಂಡ ಹೆಂಗಸರು ಎರಡು ತಾಸಿನಲ್ಲಿ ನಿಜಕ್ಕೂ ದಣಿದು ಹಣ್ಣಾಗುತ್ತಿದ್ದರು.

"ಯಂತ್ರ ಕೆಟ್ಟಿರಬೇಕು" ಎಂದಳು ಪಾರಿಜಾತ, ಅಭ್ಯಾಸಬಲದಿಂದ.

"ಗಂಟೆ ಆರಾಯಿತು. ಹೋಗಿ ನೋಡೋಣ" ಎಂದಳು ಶಮ್‌ಶಾದ್.

ಕೊಟ್ರಮ್ಮನ ಮನೆಯಲ್ಲಿ ಚನ್ನಬಸಪ್ಪ ಜೋಳ ಹಸನು ಮಾಡುತ್ತಿದ್ದ. "ಪಾಪ, ಬಾಳ ಸುಸ್ತಾಗಿದ್ಲು. ಗಾಳಿಗೆ ಕೂತು ಬರ್ತೀನಿ ಅಂತ ಶಾಲೆ ಬಯಲಿನ ಕಡೆ ಹೋಗ್ಯಾಳೆ."

ಶಾಲೆಯ ಬಯಲಿನಿಂದ ಧೂಳು ಏಳುತ್ತಿತ್ತು. ಸೀರೆಯನ್ನು ಕಚ್ಚೆ ಕಟ್ಟಿದವರು, ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದವರು, ಗರಡಿಯ ತೊಂಬತ್ತರಲ್ಲಿ ಬಹುಪಾಲು ಅಲ್ಲೇ ಇದ್ದರು. ಮೂರು ಅಂಕಣ, ಮೂರರಲ್ಲೂ ಕಬಡ್ಡಿ. ಕೊಟ್ರಮ್ಮ ಉಸಿರು ಬಿಗಿಹಿಡಿದು ಎದುರು ಪಾಳೆಯಕ್ಕೆ ನುಗ್ಗಿದ್ದಳು; ನಾಲ್ವರು ಅವಳ ಕಾಲಿಗೆ ಜೋತುಬಿದ್ದಿದ್ದರು. ನಾಲ್ವರನ್ನೂ ಎಳೆದುಕೊಂಡೇ ಅವಳು ಗೆರೆಯತ್ತ ತೆವಳುತ್ತಿದ್ದಳು. ಬೆರಳ ತುದಿ ಗೆರೆ ಮುಟ್ಟಿದ್ದೇ ತಡ, ನೆಲಕ್ಕೆ ಒರಗಿ ಗಹಗಹಿಸಿ ನಕ್ಕಳು. ಆ ನಗೆಯನ್ನು ಪಾರಿಜಾತ ಗರಡಿಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಪಾರಿಜಾತಳನ್ನು ಕಂಡು ಆಟ ನಿಂತಿತು. ಕೊಟ್ರಮ್ಮ ಎದ್ದು ಮಣ್ಣು ಕೊಡವಿಕೊಂಡಳು.

"ಬೈತೀರೇನ್ರಿ ಮೇಡಂ?"

ಉತ್ತರ ಕೊಟ್ಟವಳು ಶಮ್‌ಶಾದ್. ಕಡತವನ್ನು ಗೋಡೆಯ ಮೇಲಿಟ್ಟು, ಮೇಲೊಂದು ಕಲ್ಲು ಹೇರಿ, ಚಪ್ಪಲಿ ಕಳಚುತ್ತ ಕೇಳಿದಳು: "ಈ ಕಡೆ ಒಬ್ಬರು ಕಡಿಮೆ ಇದ್ದೀರಲ್ಲ?"

"ಇಬ್ಬರು ಕಡಿಮೆ" ಎಂದಳು ಕೊಟ್ರಮ್ಮ, ಪಾರಿಜಾತಳ ರಟ್ಟೆ ಹಿಡಿದೆಳೆಯುತ್ತ.

"ಅಯ್ಯೋ, ನನ್ನಿಂದ ಆಗಲ್ಲ" ಎಂದಳು ಪಾರಿಜಾತ. ಅಲ್ಲಿದ್ದ ಒಬ್ಬರೂ ಅವಳನ್ನು ನಂಬಲಿಲ್ಲ.