ಕಪ್ಪು-ಬಿಳುಪು ಹುಡುಗನ ಹಸಿರು ಶರ್ಟ್

"ಯಾರದು? ನನ್ನ ಮುಖಕ್ಕೆ ಹಸಿರು ಬಳಿದಿರೋದು ಯಾರು?!"

ಅವಳ ಕಿರುಚಾಟಕ್ಕೆ ಇಡೀ ಕ್ಲಾಸ್ ತಿರುಗಿ ನೋಡಿತು. ಮರುಕ್ಷಣವೇ ಹೋ ಎಂದು ನಗು!

ನಗದೆ ಇನ್ನೇನು ಮಾಡಿಯಾರು? ಫೋಟೊಗ್ರಫಿ ಕ್ಲಾಸಿನ ದೊಡ್ಡ ಪರದೆಯ ಮೇಲೆ ಅವಳದೇ ಮುಖವಿತ್ತು. ನೆರಳು, ಬೆಳಕು, ಕಣ್ಣಿನ ಹೊಳಪು, ಎಲ್ಲ ಅಚ್ಚುಕಟ್ಟು. ಬಣ್ಣ ಮಾತ್ರ... ಪಾಚಿ ಕಟ್ಟಿದ ನೀರಿನ ತೊಟ್ಟಿಯದು!

ಒಬ್ಬರ ಫೋಟೊವನ್ನು ಇನ್ನೊಬ್ಬರು ಎಡಿಟ್ ಮಾಡಬೇಕು ಅನ್ನೋದು ಸರ್ ಹಾಕಿದ ನಿಯಮ. ಅವಳ ಪಾಲಿಗೆ ಬಂದವನು ಹಿಂದಿನ ಬೆಂಚಿನ ಮೌನಿ. ಯಾವತ್ತೂ ಬಣ್ಣದ ಫೋಟೊ ಕೊಡದ ಅವನನ್ನು ಎಲ್ಲರೂ 'ಕಪ್ಪು-ಬಿಳುಪು' ಎಂದೇ ಕರೆಯುತ್ತಿದ್ದರು.

ಅವನು ಎದ್ದು ನಿಂತ. "ಸಾರಿ... ನನಗೆ ಚೆನ್ನಾಗೇ ಕಾಣ್ತು."

"ಚೆನ್ನಾಗಿ ಕಾಣ್ತಾ? ಕಣ್ಣಿದೆಯಾ ನಿನಗೆ?"

ಅವನು ತಲೆ ತಗ್ಗಿಸಿದ. ಅವಳನ್ನು ಅದು ಇನ್ನಷ್ಟು ಉರಿಸಿತು. ಅವತ್ತಿನಿಂದ ಕಾಲೇಜಿಗೆಲ್ಲ ಅವಳು 'ಗಿಳಿಮರಿ'. ಕ್ಯಾಂಟೀನಿನವರು ಕೂಡ "ಗಿಳಿಮರಿಗೆ ಒಂದು ಟೀ" ಅನ್ನತೊಡಗಿದರು!

ಸಾಲದ್ದಕ್ಕೆ ವರ್ಷದ ಕೊನೆಯ ಪ್ರಾಜೆಕ್ಟಿಗೂ ಅದೇ ಜೋಡಿ. ಬದಲಾಯಿಸಿ ಅಂತ ಸರ್ ಹತ್ತಿರ ಗೋಗರೆದಳು. "ಜಗಳ ಆಡ್ಕೊಂಡೇ ಮಾಡಿ, ಚೆನ್ನಾಗಿ ಬರುತ್ತೆ" ಎಂದು ಸರ್ ನಕ್ಕುಬಿಟ್ಟರು.

ಅವಳಿಗೆ ನಗುವ ಸ್ಥಿತಿ ಇರಲಿಲ್ಲ. ಫೋಟೊಗ್ರಫಿ ಕಲಿಯಲು ಅಕ್ಕ ಹಟ ಹಿಡಿದು ಅಪ್ಪನಿಂದ ಕೊಡಿಸಿದ್ದು ಒಂದೇ ವರ್ಷ. ಈ ಪ್ರಾಜೆಕ್ಟ್ ಕೈಕೊಟ್ಟರೆ ಕ್ಯಾಮೆರಾ ಕಪಾಟಿಗೆ, ಅವಳು ಅಪ್ಪ ಹೇಳಿದ ಕಾಮರ್ಸ್ ಕೋರ್ಸಿಗೆ!

ಐಡಿಯಾ ಅವಳದೇ. ಟೀ ಕಪ್ಪಿನೊಳಗೆ ಒಬ್ಬ ದೋಣಿ ನಡೆಸುತ್ತಾ ಹೋಗುವುದು. ಕಾಗದದ ದೋಣಿ ತೇಲಿಬಿಟ್ಟ ಕಪ್ಪಿನ ಫೋಟೊ ಅವಳು ತೆಗೆಯುವುದು, ಸೊಂಟದವರೆಗೆ ಕಾಣುವ ದೋಣಿಯವನು ಅವನಾಗುವುದು. ಹಿಂದೆ ಹಸಿರು ಬಟ್ಟೆ ಕಟ್ಟಿ ಫೋಟೊ ತೆಗೆದರೆ, ಕಂಪ್ಯೂಟರ್ ಆ ಹಸಿರನ್ನೆಲ್ಲ ಅಳಿಸಿ ಮನುಷ್ಯನನ್ನು ಮಾತ್ರ ಉಳಿಸುತ್ತದೆ. ಸ್ಟುಡಿಯೊ ಒಂದು ಜೋಡಿಗೆ ಸಿಗುವುದು ಒಂದೇ ಸಲ.

"ನಿನ್ನ ಜೊತೆ ಒಂದೇ ರೂಮಲ್ಲಿ ನಾನು ನಿಲ್ಲಲ್ಲ. ಟೈಮರ್ ಇಟ್ಕೊಂಡು ನೀನೇ ತೆಗಿ!" ಎಂದಿದ್ದಳು.

ತೆಗೆದು ಕೊಟ್ಟ. ಅವಳು ಲ್ಯಾಬಿನಲ್ಲಿ ಕೂತು ಹಸಿರು ಅಳಿಸಿದಳು...

ಅಯ್ಯೋ ದೇವರೇ!

ಪರದೆಯ ಮೇಲೆ ಒಂದು ತಲೆ. ಎರಡು ಕೈ. ಕೈಯಲ್ಲಿ ದೋಣಿಯ ಹುಟ್ಟಿನ ಬದಲು ನೆಲ ಒರೆಸುವ ಕೋಲು. ನಡುವೆ ಏನೂ ಇಲ್ಲ! ಹಸಿರು ಬಟ್ಟೆಯ ಮುಂದೆ ಆಸಾಮಿ ಹಸಿರು ಶರ್ಟ್ ಹಾಕಿಕೊಂಡು ನಿಂತಿದ್ದ!

ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಅವನ ಎದುರು ಹೋಗಿ ನಿಂತಳು.

"ಬೇಕಂತಲೇ ಮಾಡಿದೆ ಅಲ್ವಾ? ನನ್ನ ಮೇಲೆ ಏನು ಹಗೆ ನಿನಗೆ? ಇವತ್ತು ಸಂಜೆ ಕೊಡಬೇಕು ಇದನ್ನ! ಹಸಿರು ಶರ್ಟ್ ಯಾಕೆ ಹಾಕಿದೆ?"

ಅವನು ಗಾಬರಿಯಿಂದ ಪರದೆ ನೋಡಿದ. "ಅದು... ಹಸಿರಾ?"

"ತಮಾಷೆನಾ?"

"ಅಲ್ಲ. ಅಮ್ಮ ತಂದ ಹೊಸ ಶರ್ಟ್. ಕಂದು ಅಂದ್ಕೊಂಡಿದ್ದೆ." ಅವನ ದನಿ ಕುಸಿಯಿತು. "ನನಗೆ ಹಸಿರು, ಕೆಂಪು, ಕಂದು ಸರಿಯಾಗಿ ಗೊತ್ತಾಗಲ್ಲ. ಹುಟ್ಟಿದಾಗಿಂದ. ಬಣ್ಣ ಕಾಣದೋನಿಗೆ ಕ್ಯಾಮೆರಾ ಯಾಕೆ ಅಂತ ಮಾವ ನಕ್ಕಿದ್ರು. ಇಲ್ಲೂ ಹಾಗೇ ಅಂತಾರೆ ಅಂತ ಯಾರಿಗೂ ಹೇಳಿಲ್ಲ."

ಅವಳು ಕುರ್ಚಿ ಎಳೆದು ಕೂತಳು. 'ಕಣ್ಣಿದೆಯಾ ಅಂತ ಕೇಳಿದ್ದೆನಲ್ಲ... ಎಲ್ಲರ ಮುಂದೆ!' ನಾಚಿಕೆಯಿಂದ ಕೆನ್ನೆ ಬಿಸಿಯಾಯಿತು.

ಈ ಮಾತನ್ನು ಸರ್‌ಗೆ ಮುಟ್ಟಿಸಿದರೆ ಇನ್ನೊಂದು ಅವಕಾಶ ಸಿಕ್ಕೀತು. ವರ್ಷ ಉಳಿದೀತು. ಆದರೆ ಅದು ಅವನ ಗುಟ್ಟು. ಮಾರಿಕೊಳ್ಳಲು ಅವಳ ಮನಸ್ಸು ಒಪ್ಪಲಿಲ್ಲ.

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿನಗೆ ಧಾಡಿ?" ಗದರಿದಳು. ಕಣ್ಣು ಮಾತ್ರ ತುಂಬಿತ್ತು. "ಈಗ ಏನ್ ಮಾಡೋಣ ಹೇಳು!"

ಅವನು ಮೂಲ ಫೋಟೊ ತೆರೆದು, ಬಣ್ಣವನ್ನೆಲ್ಲ ತೆಗೆದುಹಾಕಿದ. ಕಪ್ಪು-ಬಿಳುಪಿನಲ್ಲಿ ಶರ್ಟು ಗಾಢ ಬೂದು, ಹಿಂದಿನ ಬಟ್ಟೆ ತಿಳಿ ಬೂದು! ಅಂಚು ಸ್ಪಷ್ಟವಾಗಿ ಎದ್ದು ಕಂಡಿತು. ಮೌಸ್ ಹಿಡಿದು ಆ ಅಂಚಿನುದ್ದಕ್ಕೂ ಗೆರೆ ಎಳೆಯತೊಡಗಿದ. ತೋಳಿನ ಸುಕ್ಕು, ಕಾಲರಿನ ತುದಿ, ಯಾವುದೂ ತಪ್ಪಲಿಲ್ಲ.

ಗೆರೆ ಮುಗಿದ ಮೇಲೆ ಬಣ್ಣ ಅವಳ ಕೆಲಸ. ಟೀಗೆ ಜೇನಿನ ಬಣ್ಣ, ಶರ್ಟಿಗೆ ಕಡು ನೀಲಿ. "ನೀಲಿ ಕಾಣುತ್ತೆ ತಾನೇ?" ಎಂದು ಕೇಳಿಯೇ ಹಾಕಿದಳು. ನಡುನಡುವೆ ಜಗಳವೂ ಆಯಿತು. ಸರ್ ಲ್ಯಾಬಿಗೆ ಬೀಗ ಹಾಕಲು ಬರುವಷ್ಟರಲ್ಲಿ ದೋಣಿಯವನು ಟೀ ಕಪ್ಪಿನಲ್ಲಿ ತೇಲುತ್ತಿದ್ದ.

ಸರ್ ಪರದೆಯ ಹತ್ತಿರ ಬಗ್ಗಿ ನೋಡಿದರು. "ಇದು ಪ್ರದರ್ಶನಕ್ಕೆ ಹೋಗಲಿ" ಎಂದರು.

ಅವಳಿಗೆ ಕುಣಿದಾಡಬೇಕೆನಿಸಿತು! ಅವನು ಮಾತ್ರ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಿದ್ದ.

"ಒಂದು ಕೇಳ್ಲಾ?" ಅವಳು ಪಕ್ಕದಲ್ಲಿ ಕೂತಳು. "ಎಲ್ಲರ ಫೋಟೊನೂ ಕಪ್ಪು-ಬಿಳುಪಲ್ಲೇ ಮಾಡ್ತಿದ್ದೆ. ನನ್ನದಕ್ಕೆ ಮಾತ್ರ ಬಣ್ಣದ ಉಸಾಬರಿ ಯಾಕೆ ಬೇಕಿತ್ತು?"

ಅವನು ಚಪ್ಪಲಿಯ ತುದಿ ನೋಡುತ್ತಾ ಹೇಳಿದ. "ನಿನ್ನ ನಗುವಿಗೆ ಕಪ್ಪು-ಬಿಳುಪು ಸಾಲಲ್ಲ ಅನ್ನಿಸ್ತು. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿದೆ. ನೀನಂದ್ರೆ ನನಗೆ ಇಷ್ಟ... ತುಂಬಾ ಇಷ್ಟ."

ಅವಳು ತಟ್ಟನೆ ಅವನತ್ತ ತಿರುಗಿದಳು. ಇಷ್ಟು ದಿನ ಬೈದದ್ದು ಇವನನ್ನೇ?

"ನಾಳೆ ಸರ್ ಹತ್ರ ನನ್ನ ಕಣ್ಣಿನ ವಿಷಯ ನಾನೇ ಹೇಳ್ತೀನಿ," ಅಂದ ಅವನು. "ಇನ್ನು ಮುಚ್ಚಿಡಲ್ಲ. ಆದರೆ ಭಯ ಆಗ್ತಿದೆ. ಜೊತೆಗೆ ಬರ್ತೀಯಾ?"

"ಬರದೆ? ಒಬ್ಬನೇ ಹೋದ್ರೆ ನೀನು ಮತ್ತೆ ಬಾಯಿಗೆ ಬೀಗ ಹಾಕ್ಕೊಂಡು ನಿಲ್ತೀಯ!"

"ಆಮೇಲೆ?"

"ಆಮೇಲೆ ಏನು?"

"ಆಮೇಲೂ... ಜೊತೆಗಿರ್ತೀಯಾ?"

ಅವಳು ನಿಟ್ಟುಸಿರು ಬಿಟ್ಟು ಅವನ ಬೆರಳುಗಳನ್ನು ತನ್ನ ಬೆರಳುಗಳೊಳಗೆ ಹೆಣೆದುಕೊಂಡಳು.

"ಇರ್ತೀನಿ ಮಾರಾಯಾ. ದಿನಾ ಬೈತೀನಿ, ಪರವಾಗಿಲ್ವಾ?"

"ಹತ್ತಿರ ಕೂತು ಬೈದ್ರೆ ಪರವಾಗಿಲ್ಲ."