ಗಾಸ್ಪಾರನ ಕೊನೆಯ ರೈಲು

ಠಾಣೆಯ ಹಿಂಬದಿಯ ಅಡುಗೆಕೋಣೆಯಲ್ಲಿ ಇನ್‌ಸ್ಪೆಕ್ಟರ್ ಸೊಲಾಂಜ್ ಮಸೂರದ ಕಾಳಿನಿಂದ ಕಲ್ಲು ಆರಿಸುತ್ತಿದ್ದರು. ಭಾನುವಾರ ಯಾರ ಪಾಳಿಯೋ ಅವರೇ ಅಡುಗೆ ಮಾಡಬೇಕೆಂಬುದು ಅಲ್ಲಿಯ ಕಟ್ಟಳೆ. ಅರ್ಧ ತಟ್ಟೆ ಮುಗಿದಿತ್ತು. ಕಾನ್‌ಸ್ಟೆಬಲ್ ಲುಡೋವಿಕ್ ಬಾಗಿಲಿಗೆ ಬಂದು, ಮಿರೇಯ್‌ಳ ತಾಯಿ ಬಂದಿದ್ದಾರೆ ಎಂದ.

ಮಿರೇಯ್ ಯಾರೆಂದು ಕೇಳಬೇಕಾಗಿರಲಿಲ್ಲ. ಶುಕ್ರವಾರ, ಮಾರ್ಚ್ 14ರ ಸಂಜೆ, ವೆರ್ದಿಯೆ ನಿಲ್ದಾಣಕ್ಕೆ ಬರುವ ಎರಡು ಬೋಗಿಯ ರೈಲು ಕಣಿವೆಯ ತಿರುವಿನಲ್ಲಿ ಹಳಿಯ ಮೇಲಿದ್ದ ಬಂಡೆಗೆ ಗುದ್ದಿತ್ತು. ಇಳಿಯಲೆಂದು ಬಾಗಿಲ ಬಳಿ ಎದ್ದು ನಿಂತಿದ್ದವಳು ಒಬ್ಬಳೇ ಸತ್ತಳು. ವೃದ್ಧಾಶ್ರಮದಲ್ಲಿ ದಾದಿಯಾಗಿದ್ದ ಮಿರೇಯ್.

ತಾಯಿ ಆನ್ರಿಯೆಟ್‌ಗೆ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಬಂಡೆ ಬೀಳೋದು ದೇವರ ಕೈಲಿ, ಸರಿ. ಆದ್ರೆ ಬಂಡೆಗಿಂತ ಮುಂಚೆ ಮೂರು ಸಲ ಢಂ ಅಂತಂತೆ. ರೈಲಲ್ಲಿದ್ದೋರೆಲ್ಲ ಕೇಳಿಸ್ಕೊಂಡಿದಾರೆ. ಆ ಸದ್ದಿಗೆ ರೈಲು ನಿಲ್ಲಿಸ್ಬೇಕು ಅನ್ನೋದು ಈ ಕಣಿವೇಲಿ ಮಕ್ಕಳಿಗೂ ಗೊತ್ತು. ಆ ಗಾಸ್ಪಾರ್ ನಿಲ್ಲಿಸ್ಲಿಲ್ಲ. ಸೀಟಿ ಹೊಡೆದನಂತೆ, ಮೇಡಂ. ಸೀಟಿ."

ಬೆಳಿಗ್ಗೆ ಹತ್ತೂವರೆಗೆ ಚಾಲಕ ಗಾಸ್ಪಾರ್ ರುಸೀಲ್ ಮೇಲೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು. ಶಿಕ್ಷೆಯಾದರೆ ಜೈಲು.

ಕರೆ ಹೋಗುವ ಮೊದಲೇ ಗಾಸ್ಪಾರ್ ತಾನಾಗಿ ಬಂದ. ಹಣೆಗೆ ಪಟ್ಟಿ ಕಟ್ಟಿತ್ತು.

"ಹಳಿ ಮೇಲೆ ಪಟಾಕಿ ಸಿಡಿದದ್ದು ಕೇಳಿಸ್ತಾ?" ಎಂದರು ಸೊಲಾಂಜ್.

"ಕೇಳಿಸ್ತು."

"ಬ್ರೇಕ್ ಹಾಕಿದ್ರಾ?"

"ಇಲ್ಲ."

"ಯಾಕೆ?"

ಅವನು ತನ್ನ ಅಂಗೈಗಳನ್ನೇ ನೋಡಿಕೊಂಡ. "ಅದು ನನ್ನ ಕೊನೇ ರೈಲು ಮೇಡಂ. ಹುಡುಗರು ಬೀಳ್ಕೊಡ್ತಿದಾರೆ ಅಂದ್ಕೊಂಡೆ."

ಸೊಲಾಂಜ್‌ಗೆ ಅರ್ಥವಾಯಿತು. ಮುಂದೆ ಅಪಾಯವಿದ್ದರೆ ಹಳಿಗೆ ಕಟ್ಟುವ ಎಚ್ಚರಿಕೆಯ ಪಟಾಕಿಯನ್ನೇ, ನಿವೃತ್ತನಾಗುವ ಚಾಲಕನ ಕೊನೆಯ ಓಟಕ್ಕೂ ಕಟ್ಟಿ ಸಿಡಿಸುವುದು ರೈಲ್ವೆಯವರ ಹಳೆಯ ರೂಢಿ. ಚಾಲಕ ಉದ್ದಕ್ಕೆ ಸೀಟಿ ಹೊಡೆದು ವಂದನೆ ಒಪ್ಪಿಸುತ್ತಾನೆ. ಮೇಲಿನವರು ನಿಷೇಧಿಸಿ ವರ್ಷಗಳಾಗಿದ್ದವು; ಕೆಳಗಿನವರು ಬಿಟ್ಟಿರಲಿಲ್ಲ.

ಆದರೆ ನಿಲ್ದಾಣದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಪಟಾಕಿಯೇ? ಅದು ನಿಷೇಧವಲ್ಲವೇ, ನಾವು ಕಟ್ಟುತ್ತೇವೆಯೇ ಎಂದರು. ಇಪ್ಪತ್ತು ವರ್ಷ ಜೊತೆಗೆ ಉಂಡವರು ಗಾಸ್ಪಾರನ ಹೆಸರು ಬಂದಾಗಲೆಲ್ಲ ಕಿಟಕಿಯ ಹೊರಗೆ ನೋಡಿದರು. ಸಂಜೆಯ ಹೊತ್ತಿಗೆ ಸ್ಟೇಷನ್ ಮಾಸ್ತರ್ ಹೆಂಗಸು ಸೊಲಾಂಜ್‌ರನ್ನು ಪ್ಲಾಟ್‌ಫಾರ್ಮಿನ ತುದಿಗೆ ಕರೆದುಕೊಂಡು ಹೋದಳು. ತಮ್ಮ ಪಟಾಕಿ ಇಲ್ಲಿ ಕಟ್ಟಿದ್ದೆವು, ಒಂದು ಸರವನ್ನೇ, ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ರೈಲು ಇಲ್ಲಿಯವರೆಗೆ ಬರಲೇ ಇಲ್ಲ. ಹೆದರಿ ಅಂದೇ ಬಿಚ್ಚಿ ಹಾಕಿದರಂತೆ.

ಹಾಗಾದರೆ ತಿರುವಿನಲ್ಲಿ ಸಿಡಿದವು ಯಾರವು?

ಸೋಮವಾರ ಬೆಳಿಗ್ಗೆ ಸ್ಥಳ ಪಂಚನಾಮೆ ನಡೆಯಿತು. ಪಟಾಕಿ ಕಟ್ಟಿದ್ದ ಸೀಸದ ಪಟ್ಟಿಗಳು ಸುಟ್ಟು ಹಳಿಗೆ ಇನ್ನೂ ಅಂಟಿಕೊಂಡಿದ್ದವು: ಬಲಹಳಿಗೆ ಎರಡು, ಎಡಹಳಿಗೆ ಒಂದು, ನಡುವೆ ಅಳೆದಿಟ್ಟಂಥ ಅಂತರ. ಬೀಳ್ಕೊಡುವವರು ಹೀಗೆ ಕಟ್ಟುವುದಿಲ್ಲ. ಇದು ತರಬೇತಾದ ಕೈ. ಲುಡೋವಿಕ್ ಗುಡ್ಡ ಹತ್ತಿದ. ಬಂಡೆ ತಡೆಯುವ ತಂತಿಬಲೆಯನ್ನು ಕತ್ತರಿಸಲಾಗಿತ್ತು. ಬಂಡೆ ಕೂತಿದ್ದ ಗುಳಿಯ ಅಂಚಿನಲ್ಲಿ ಹಾರೆಯ ಹೊಸ ಗೀರುಗಳಿದ್ದವು.

"ಬೆಂಕಿ ಇಟ್ಟೋನೇ ಪಕ್ಕದಲ್ಲಿ ಒಂದು ಕೊಡ ನೀರೂ ಇಟ್ಟು ಹೋದ ಹಾಗಿದೆ ಮೇಡಂ," ಎಂದ ಅವನು ಇಳಿದು ಬಂದು.

ಹಾಗೆ ಪಟಾಕಿ ಕಟ್ಟಬಲ್ಲವನು ಕಣಿವೆಯಲ್ಲಿ ಒಬ್ಬನೇ ಉಳಿದಿದ್ದ. ಬಸೀಲ್ ದೆಲ್ಪುಯೆಶ್, ಗ್ಯಾಂಗ್‌ಮನ್. ಆಯುಷ್ಯವೆಲ್ಲ ಈ ಹಳಿಯ ಮೇಲೆ ನಡೆದವನು. ಮೂರು ವರ್ಷದ ಹಿಂದೆ ಕಾಲ್ನಡಿಗೆಯ ಗಸ್ತನ್ನೇ ರದ್ದು ಮಾಡಿ ಅವನನ್ನು ಮನೆಗೆ ಕಳಿಸಿದ್ದರು. ಅವನು ಮನೆಯಲ್ಲಿ ಕೂರಲಿಲ್ಲ. ಸಂಬಳವಿಲ್ಲದೆಯೂ ದಿನಾ ಬೆಳಿಗ್ಗೆ ಹಳಿ ನೋಡಿಕೊಂಡು ಬರುತ್ತಿದ್ದ. ಊರವರು ನಗುತ್ತಿದ್ದರು.

ತಾನು ವಾಸವಿದ್ದ ಹಳೆಯ ರೈಲ್ವೆ ಗೇಟುಮನೆಯಲ್ಲಿ ಅವನು ಗಟ್ಟಿ ರೊಟ್ಟಿಯನ್ನು ಸೂಪಿಗೆ ಕತ್ತರಿಸಿ ಹಾಕುತ್ತಿದ್ದ. ಒಬ್ಬನಿಗಾಗುವಷ್ಟು.

"ಶುಕ್ರವಾರ ಹಳಿ ಕಡೆ ಹೋಗಿದ್ರಾ?"

"ಇಲ್ಲ."

"ಒಂದಿನಾನೂ ತಪ್ಪಿಸೋರಲ್ಲ ಅಂತಾರೆ."

"ಕಾಲು ನೋವಿತ್ತು."

ಚಾಕು ಎರಡು ತುಂಡು ಕತ್ತರಿಸಿತು, ನಿಂತಿತು.

"ಗಾಸ್ಪಾರ್ ಯಾಕೆ ನಿಲ್ಲಿಸ್ಲಿಲ್ಲ?" ಎಂದು ಅವನೇ ಕೇಳಿದ. "ಅವನು ನಿಲ್ಲಿಸ್ದೆ ಇರೋನಲ್ಲ."

"ಅವತ್ತು ಅವರ ಕೊನೇ ರೈಲು. ನೀವೆಲ್ಲ ಸೇರಿ ಬೀಳ್ಕೊಡ್ತಿದೀರಿ ಅಂದ್ಕೊಂಡ್ರು."

"ಕೊನೇದಾ? ಇನ್ನೂ ಎರಡು ವರ್ಷ ಇದೆಯಲ್ಲ ಅವನಿಗೆ."

"ನಿವೃತ್ತಿ ಬೇಗ ತಗೊಂಡ್ರು. ಊರಿಗೆಲ್ಲ ಗೊತ್ತಿತ್ತು. ರಾತ್ರಿ ಊಟಾನೂ ಇತ್ತು."

ಬಸೀಲ್ ಚಾಕುವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ನಂಗೆ ಯಾರೂ ಹೇಳ್ಲಿಲ್ಲ," ಎಂದ.

ಆಮೇಲೆ ಯಾವುದನ್ನೂ ಮುಚ್ಚಿಡಲಿಲ್ಲ. ಹಾರೆಯನ್ನು ತಾನೇ ತೋರಿಸಿದ. "ಅವನ ರೈಲೇ ಆಗ್ಲಿ ಅಂತ ಆರಿಸ್ಕೊಂಡೆ. ಬೇರೆ ಯಾವನನ್ನೂ ನಾನು ನಂಬ್ತಿರ್ಲಿಲ್ಲ. ಢಂ ಅಂದ್ರೆ ಗಾಸ್ಪಾರ್ ನಿಂತೇ ನಿಲ್ತಾನೆ."

ಮಧ್ಯಾಹ್ನ 12.15ಕ್ಕೆ ಬಂಧನ. ಹಾರೆ, ತಂತಿ ಕತ್ತರಿ, ಉಳಿದ ಎರಡು ಪಟಾಕಿ ಜಪ್ತಿಯಾದವು. ಸೂಪು ಒಲೆಯ ಮೇಲೇ ಉಳಿಯಿತು. ಹೊರಡುವಾಗ ಲುಡೋವಿಕ್ ಒಲೆ ಆರಿಸಿದ.

ಆ ಬಂಡೆ ಸಡಿಲವಾಗಿದೆ ಎಂದು ಬಸೀಲ್ ಮೂರು ವರ್ಷದಿಂದ ಹೇಳುತ್ತ ಬಂದಿದ್ದ. ದೂರದ ನಗರದಲ್ಲಿ ಫೋನ್ ಎತ್ತುವವರಿಗೆ ಆ ತಿರುವು ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ರೈಲೊಂದು ಬಂಡೆಯ ಮುಂದೆ ಬಂದು, ಯಾರಿಗೂ ಏನೂ ಆಗದೆ ನಿಂತರೆ, ಮತ್ತೆ ಮನುಷ್ಯರನ್ನು ಹಳಿಯ ಮೇಲೆ ನಡೆಸುತ್ತಾರೆ ಎಂದುಕೊಂಡಿದ್ದ. ಹಾಗಾಗಲಿಲ್ಲ. ಮೇ ತಿಂಗಳಲ್ಲಿ ಆ ದಾರಿಯನ್ನೇ ಮುಚ್ಚಿ ಬಸ್ಸು ಹಾಕಿದರು.

ಬಂಧನದ ಸಂಜೆ ಸೊಲಾಂಜ್ ವಿಷಯ ತಿಳಿಸಲು ಹೋದಾಗ ಆನ್ರಿಯೆಟ್ ಎಲ್ಲ ಕೇಳಿಸಿಕೊಂಡು, "ಅಂದ್ರೆ ಒಬ್ಬನನ್ನ ಊಟಕ್ಕೆ ಕರೀಲಿಲ್ಲ, ನನ್ನ ಮಗಳು ಹೋದ್ಲು," ಎಂದು ಬಾಗಿಲು ಹಾಕಿಕೊಂಡಳು. ಗಾಸ್ಪಾರನ ಮೇಲಿನ ದೂರನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಸದ್ದು ಕೇಳಿಯೂ ನಿಲ್ಲಿಸದಿದ್ದುದು ನಿಜವಾಗಿತ್ತು.

ಜೂನ್‌ನಲ್ಲಿ, ಹೇಳಿಕೆಗೆ ಸಹಿ ಹಾಕಲು ಬಂದ ದಿನ ಗಾಸ್ಪಾರ್ ಕೋಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದ. ಅಂಚು ಸವೆದಿತ್ತು. ಅಂಚೆಚೀಟಿ ಅಂಟಿಸಿತ್ತು.

"ಜನವರೀಲೇ ಬರೆದಿದ್ದು, ಬಸೀಲ್‌ಗೆ. ಊಟಕ್ಕೆ ಬಾ ಅಂತ. ಅವನು ಬಂದ್ರೆ ಬಂಡೆ ಪುರಾಣ ಶುರು ಮಾಡ್ತಾನೆ, ಊಟ ಕೆಡುತ್ತೆ ಅಂದ್ರು ಹುಡುಗರು. ನಾನೂ ಹೂಂ ಅಂದೆ. ಹರಿದು ಹಾಕೋಕೂ ಆಗ್ಲಿಲ್ಲ."

ಜೈಲಿನ ವಿಳಾಸ ಕೇಳಿದ. ಲುಡೋವಿಕ್ ಹೇಳುತ್ತ ಹೋದ. ಗಾಸ್ಪಾರ್ ಲಕೋಟೆಯ ಮೇಲಿದ್ದ ಗೇಟುಮನೆಯ ವಿಳಾಸಕ್ಕೆ ಗೆರೆ ಎಳೆದು ಕೆಳಗೆ ಬರೆದುಕೊಂಡ.

"ಒಳಗೆ ತಾರೀಖು ಹಳೇದೇ ಇದೆಯಲ್ಲ," ಎಂದರು ಸೊಲಾಂಜ್.

"ಇರ್ಲಿ."

ಅವನು ರಸ್ತೆ ದಾಟಿ, ಮುಚ್ಚಿದ ನಿಲ್ದಾಣದ ಗೋಡೆಗಿದ್ದ ಹಳದಿ ಅಂಚೆಪೆಟ್ಟಿಗೆಯೊಳಗೆ ಲಕೋಟೆಯನ್ನು ಹಾಕಿದ.